ಡೆಡ್‌ಲಾಕ್ ಬಿಡಿಸಿದ್ದು: ಕೋಡಿನಲ್ಲೂ ಕಚೇರಿಯಲ್ಲೂ

ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಸಂಜೆ ಹೊತ್ತಿಗೆ '40ಪಿ01, ಡೆಡ್‌ಲಾಕ್ ಡಿಟೆಕ್ಟೆಡ್' ಎಂದು ಆರ್ಡರ್‌ಗಳು ಫೇಲಾಗುತ್ತಿದ್ದವು. ಡೆಡ್‌ಲಾಕ್ ಎಂದರೆ ಎರಡು ಟ್ರಾನ್ಸಾಕ್ಷನ್‌ಗಳು (ಒಟ್ಟಿಗೇ ಆಗಬೇಕಾದ ಬದಲಾವಣೆಗಳ ಗುಂಪುಗಳು) ಒಂದು ಹಿಡಿದ ಲಾಕ್‌ಗೆ ಇನ್ನೊಂದು ಕಾಯುತ್ತ ನಿಂತುಬಿಡುವುದು. ಡೆಡ್‌ಲಾಕ್ ಟೈಮ್‌ಔಟನ್ನು, ಅಂದರೆ ಡೆಡ್‌ಲಾಕ್ ಇದೆಯೇ ಎಂದು ನೋಡುವ ಮೊದಲು ಕಾಯುವ ಹೊತ್ತನ್ನು, 1 ಸೆಕೆಂಡಿನಿಂದ 5ಕ್ಕೆ ಏರಿಸಿದೆ. ಪತ್ತೆಯಾಗುವುದು ತಡವಾಯಿತು, ಅಷ್ಟೇ. ರೀಟ್ರೈ ಹಾಕಿದರೆ ಅವೇ ಎರಡು ಟ್ರಾನ್ಸಾಕ್ಷನ್‌ಗಳು ಮತ್ತೆ ಸಿಕ್ಕಿಕೊಂಡವು.

ಲಾಗ್ ತೆಗೆದು ನೋಡಿದೆ. ಬಿಲ್ಲಿಂಗ್ ತಂಡದ ಕೋಡ್ ಆರ್ಡರ್ ಸಾಲನ್ನು ಲಾಕ್ ಮಾಡಿ ಆಮೇಲೆ ಸ್ಟಾಕ್ ಕೇಳುತ್ತಿತ್ತು; ಗೋದಾಮಿನದು ತಿರುಗುಮುರುಗು. ಪ್ರತಿ ತಂಡವೂ ತನ್ನ ಟೇಬಲ್‌ನಿಂದಲೇ ಶುರು ಮಾಡಿತ್ತು. ಕಚೇರಿಯಲ್ಲಿ ರಿಟರ್ನ್ ಫೈಲುಗಳ (ವಾಪಸ್ ಬಂದ ಸರಕಿನ ಕಾಗದಗಳ) ಕಥೆಯೂ ಅದೇ: ಇವರು ಅವರ ಸಹಿಗೆ, ಅವರು ಇವರ ಸಹಿಗೆ ಕಾಯುತ್ತಿದ್ದರು.

ಸರಿಹೋದದ್ದು ಹೀಗೆ. ಟ್ರಾನ್ಸಾಕ್ಷನ್ ಯಾರದೇ ಆಗಲಿ, ಮೊದಲು ಆರ್ಡರ್, ನಂತರ ಸ್ಟಾಕ್. ಸ್ಟಾಕ್ ಸಾಲುಗಳು ಹಲವಿದ್ದರೆ ಸೆಲೆಕ್ಟ್‌ನ (ಸಾಲುಗಳನ್ನು ಓದುವ ಆಜ್ಞೆಯ) ಕೊನೆಗೆ 'ಆರ್ಡರ್ ಬೈ ಐಡಿ ಫಾರ್ ಅಪ್‌ಡೇಟ್' ಹಾಕಿ ಚಿಕ್ಕ ಐಡಿಯಿಂದಲೇ ಲಾಕ್ ಹಿಡಿಯಬೇಕು. ಇದನ್ನು ಬಿಟ್ಟರೆ ಒಂದೇ ಟೇಬಲ್ಲಿನೊಳಗೂ ಡೆಡ್‌ಲಾಕ್ ಆಗುತ್ತದೆ. ಎಲ್ಲ ಲಾಕ್ ಸಿಕ್ಕ ಮೇಲೆಯೇ ಅಪ್‌ಡೇಟ್. ಫೈಲಿಗೂ ಇದೇ ಕ್ರಮ: ಬಿಲ್ಲಿಂಗ್ ಸಹಿ ಮೊದಲು, ಗೋದಾಮಿನದು ಆಮೇಲೆ.