ಕೆಂಪಾಗಲೆಂದು ಕಾಯಬೇಡಿ

ಪಾರ್ಶ್ವವಾಯುವಿನಿಂದ ಎಡಭಾಗದ ಸ್ವಾಧೀನ ಕಳೆದುಕೊಂಡಿದ್ದ ಅಜ್ಜಿಯೊಬ್ಬರಿಗೆ ನನ್ನ ಆರೈಕೆಯಲ್ಲಿದ್ದಾಗಲೇ ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣಾಯಿತು. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದೆವು, ಚಾರ್ಟಿನಲ್ಲಿ ಸಹಿಯೂ ಇತ್ತು. ದಿನಾ ಮೈ ಒರೆಸುವಾಗ ಹಿಮ್ಮಡಿ ನೋಡುತ್ತಿದ್ದೆ. ಕೆಂಪಾಗಿದೆಯೇ ನೋಡು ಎಂದಷ್ಟೇ ನನಗೆ ಕಲಿಸಿದ್ದರು. ಅಜ್ಜಿಯದು ಎಣ್ಣೆಗಪ್ಪು ಮೈ. ಕೆಂಪು ಕಾಣಿಸಲೇ ಇಲ್ಲ. ನೀರುಗುಳ್ಳೆ ಎದ್ದಾಗ ಗೊತ್ತಾಯಿತು. ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಅವರು ಒಂದು ದಿನವೂ ನನ್ನನ್ನು ಬೈಯಲಿಲ್ಲ, ಅದು ಇನ್ನೂ ನೋಯುತ್ತದೆ.

ಆಮೇಲೆ ಮುಟ್ಟಿ ನೋಡುವುದನ್ನು ಕಲಿತೆ. ಬೆನ್ನುಮೂಳೆಯ ಬುಡ, ಸೊಂಟದ ಮೂಳೆ, ಹಿಮ್ಮಡಿ, ಕಾಲಿನ ಹರಡು, ಮೊಣಕೈ, ತಲೆಯ ಹಿಂಭಾಗ, ಎಲ್ಲೆಲ್ಲಿ ಮೂಳೆ ಚರ್ಮಕ್ಕೆ ಹತ್ತಿರವೋ ಅಲ್ಲೆಲ್ಲ ಅಂಗೈಯ ಹಿಂಬದಿಯಿಟ್ಟು, ಪಕ್ಕದ ಚರ್ಮಕ್ಕೆ ಹೋಲಿಸುತ್ತೇನೆ. ಬಿಸಿ ಹೆಚ್ಚಿದೆಯೇ, ತಣ್ಣಗಿದೆಯೇ, ಗಟ್ಟಿಯಾಗಿದೆಯೇ, ಕಳಿತ ಸಪೋಟದಂತೆ ಮೆತ್ತಗಿದೆಯೇ? ಹೊರಳಿಸಿದ ತಕ್ಷಣ ಯಾರ ಮೈಯಾದರೂ ಬೆಚ್ಚಗೇ ಇರುತ್ತದೆ. ಹಾಗಾಗಿ ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಮುಟ್ಟಬೇಕು. ವ್ಯತ್ಯಾಸ ಉಳಿದಿದ್ದರೆ ಆ ಜಾಗದ ಮೇಲೆ ಮತ್ತೆ ಭಾರ ಬೀಳದಂತೆ ಮಲಗಿಸುತ್ತೇವೆ. "ಅಲ್ಲಿ ನೋಯುತ್ತೆ" ಎಂದು ರೋಗಿ ಹೇಳಿದರೆ ಕೈಗೆ ಏನೂ ತಿಳಿಯದಿದ್ದರೂ ನಂಬುತ್ತೇನೆ.

ಹಿಮ್ಮಡಿಗೆ ಈಗ ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬು ಇಡುತ್ತೇವೆ. ಹಿಮ್ಮಡಿ ಎಲ್ಲೂ ತಾಗದೆ ಗಾಳಿಯಲ್ಲಿರಬೇಕು. ಪಕ್ಕಕ್ಕೆ ಮಲಗಿಸುವಾಗ ಪೂರ್ತಿ ಸೊಂಟದ ಮೂಳೆಯ ಮೇಲಲ್ಲ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟೇ ಓರೆ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯುವುದಿಲ್ಲ, ಅಡ್ಡ ಹಾಸಿದ ಬಟ್ಟೆಯ ಎರಡೂ ಅಂಚು ಹಿಡಿದು ಇಬ್ಬರು ಎತ್ತುತ್ತೇವೆ. ಇದಕ್ಕಾಗಿ ರಾತ್ರಿ ಪಾಳಿಗೆ ಇನ್ನೊಬ್ಬ ಆಯಾ ಬೇಕೆಂದು ಏಳು ತಿಂಗಳು ಕೇಳಿ ಪಡೆದೆ.

"ಏರ್ ಬೆಡ್ ತಂದಿದೀವಲ್ಲ ಸಿಸ್ಟರ್, ಪದೇಪದೇ ಯಾಕೆ ಹೊರಳಿಸ್ತೀರಾ?" ಎನ್ನುತ್ತಾರೆ ಮನೆಯವರು. ಏರ್ ಬೆಡ್ ಭಾರವನ್ನು ಹಂಚುತ್ತದೆ, ಇಲ್ಲವಾಗಿಸುವುದಿಲ್ಲ. ಮೇಲೆ ಎರಡು ಕಂಬಳಿ, ರಬ್ಬರ್ ಶೀಟು ಹಾಸಿದರಂತೂ ಪ್ರಯೋಜನ ಇನ್ನೂ ಕಡಿಮೆ. ಕರೆಂಟು ಹೋಗಿ ಗಾಳಿಯ ಪಂಪು ನಿಂತಾಗ ಹಾಸಿಗೆಯಡಿ ಅಂಗೈ ತೂರಿಸಿ, ರೋಗಿಯ ಮೂಳೆ ಕೈಗೆ ತಗಲುತ್ತದೆಯೇ ನೋಡುತ್ತೇನೆ. ಕೊಬ್ಬರಿ ಎಣ್ಣೆ ಹಚ್ಚಿ ಮೂಳೆಯ ಮೇಲೆ ತಿಕ್ಕುವ ಮಕ್ಕಳಿದ್ದಾರೆ, ಪ್ರೀತಿಯಿಂದಲೇ. ಒಳಗೆ ನಲುಗಿದ ಚರ್ಮ ತಿಕ್ಕಿದರೆ ಇನ್ನಷ್ಟು ಹಾಳಾಗುತ್ತದೆ ಎಂದು ಅವರ ಕೈ ಹಿಡಿದೇ ತಿಳಿಸುತ್ತೇನೆ. ನಡುವೆ ತೂತಿರುವ ರಿಂಗ್ ದಿಂಬನ್ನೂ ವಾಪಸ್ ಕಳಿಸುತ್ತೇನೆ, ಅದರ ಅಂಚು ರಕ್ತದ ಓಡಾಟ ತಡೆಯುತ್ತದೆ.

ಬರೀ ಗಂಜಿಯಲ್ಲಿ ಚರ್ಮ ಉಳಿಯದು. ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ವೈದ್ಯರನ್ನು ಕೇಳಿ ಮೊಟ್ಟೆ, ಗಟ್ಟಿ ಬೇಳೆ, ಮೊಸರು ಸೇರಿಸುತ್ತೇವೆ.

ಮೊನ್ನೆ ಬೆಳಗಿನ ಜಾವ 4ಕ್ಕೆ ಹೊಸ ಆಯಾ ಬಂದು, "ಅಕ್ಕಾ, ತಾತನ ಬಲಸೊಂಟ ಸುಡ್ತಿದೆ, ಕಣ್ಣಿಗೇನೂ ಕಾಣ್ತಿಲ್ಲ" ಎಂದಳು. ಎಡಕ್ಕೆ ಓರೆಯಾಗಿ ಮಲಗಿಸಿದೆವು. ಮಧ್ಯಾಹ್ನದ ಹೊತ್ತಿಗೆ ಬಿಸಿ ಇಳಿದಿತ್ತು.