ಆಂಟಿವೈರಸ್ ಕೂಗಿತು: ಬಂದದ್ದು ಕಳ್ಳನೋ, ಬೆಕ್ಕೋ?

ಕೆಲಸದ ನಡುವೆ ಪರದೆಯ ಮೂಲೆಯಲ್ಲಿ ಪುಟ್ಟ ಚೌಕವೊಂದು ಪುಟಿದೇಳುತ್ತದೆ: ‘ಅಪಾಯ ಪತ್ತೆಯಾಗಿದೆ’. ನೋಡಿದರೆ ಅದು ಈಗಷ್ಟೇ ಡೌನ್‌ಲೋಡ್ ಮಾಡಿದ ಫೈಲು, ಇಲ್ಲವೇ ವರ್ಷಗಳಿಂದ ಬಳಸುತ್ತಿರುವ ಪ್ರೋಗ್ರಾಂ. ಕೆಲವರು ಗಾಬರಿಬಿದ್ದು ಅಳಿಸಿಬಿಡುತ್ತಾರೆ. ಇನ್ನು ಕೆಲವರು ‘ಇದರದ್ದು ಯಾವಾಗಲೂ ಇದೇ ಗೋಳು’ ಎಂದು ‘ಅಲೋ’ ಒತ್ತುತ್ತಾರೆ. ಎರಡೂ ಬೇಡ. ಫೈಲು ಕ್ವಾರಂಟೈನ್‌ಗೆ, ಅಂದರೆ ಆಂಟಿವೈರಸ್ ಅದನ್ನು ಕೂಡಿಹಾಕುವ ಪ್ರತ್ಯೇಕ ಜಾಗಕ್ಕೆ, ಹೋಗಿದ್ದರೆ ಅದು ಅಲ್ಲಿಂದ ಏನೂ ಮಾಡಲಾರದು. ಬೇಕೆಂದಾಗ ವಾಪಸ್ ತರಲೂಬಹುದು. ಅವಸರ ಇರುವುದು ನಮಗೆ ಮಾತ್ರ.

ಎಚ್ಚರಿಕೆ ಕೊಟ್ಟವರು ಯಾರು?

ಬ್ರೌಸರ್ ಒಳಗೆ, ಇಡೀ ಪರದೆ ತುಂಬಿಕೊಂಡು, ಸೈರನ್ ಸದ್ದಿನೊಂದಿಗೆ ‘ಈ ನಂಬರಿಗೆ ಕೂಡಲೇ ಕರೆ ಮಾಡಿ’ ಎನ್ನುತ್ತಿದ್ದರೆ ಅದು ಆಂಟಿವೈರಸ್ ಅಲ್ಲ, ಮೋಸದ ವೆಬ್‌ಪುಟ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಮುಚ್ಚಲು ಬಿಡದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನೇ ಮುಗಿಸಿ.

‘ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ’ ಎಂಬ ನೀಲಿ ಫಲಕ ಇನ್ನೊಂದು ಬಗೆ. ಅದು ಸ್ಮಾರ್ಟ್‌ಸ್ಕ್ರೀನ್. ‘ವೈರಸ್ ಸಿಕ್ಕಿತು’ ಎಂದಲ್ಲ, ಬಹುಮಟ್ಟಿಗೆ ‘ಈ ಫೈಲು ನನಗೆ ಪರಿಚಯವಿಲ್ಲ’ ಎಂದಷ್ಟೇ ಅದರ ಮಾತು.

ಹೆಸರು ಓದಿ

ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಪ್ರೊಟೆಕ್ಷನ್ ಹಿಸ್ಟರಿ’ ತೆರೆಯಿರಿ. ಬೇರೆ ಆಂಟಿವೈರಸ್‌ಗಳಲ್ಲೂ ಇಂಥದೊಂದು ಪಟ್ಟಿ ಇರುತ್ತದೆ. ಅಲ್ಲಿ ಸಿಗುವ ಹೆಸರನ್ನೂ ಫೈಲಿನ ಪೂರ್ತಿ ವಿಳಾಸವನ್ನೂ ಬರೆದಿಟ್ಟುಕೊಳ್ಳಿ. ಹೆಸರಿನಲ್ಲಿ ‘ಜೆನೆರಿಕ್’, ‘ಹ್ಯೂರ್’, ‘ಸಸ್ಪಿಶಿಯಸ್’ ಎಂದಿದ್ದರೆ, ಅಥವಾ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಕೊಡುವ ‘ವಕಾಟಾಕ್’ ಹೆಸರಿನಂತೆ ಕೊನೆಗೆ ‘ಎಂಎಲ್’ ಬಾಲವಿದ್ದರೆ, ಅದು ಚಹರೆ ನೋಡಿ ಮಾಡಿದ ಅನುಮಾನ. ‘ಎಂಎಲ್’ ಎಂದರೆ ಮೆಷಿನ್ ಲರ್ನಿಂಗ್. ಪೈಥಾನ್‌ನಲ್ಲಿ ಬರೆದು ಒಂದೇ ಫೈಲಾಗಿ ಕಟ್ಟಿದ ನಿರುಪದ್ರವಿ ಪ್ರೋಗ್ರಾಂಗಳು ಇದಕ್ಕೆ ಆಗಾಗ ಸಿಕ್ಕಿಬೀಳುತ್ತವೆ, ಏಕೆಂದರೆ ವೈರಸ್ ಬರೆಯುವವರೂ ಅದೇ ಕಟ್ಟುವ ಸಾಧನ ಬಳಸುತ್ತಾರೆ. ‘ಪಿಯುಎ’ ಎಂದಿದ್ದರೆ ಅದು ಬೇಡದ ಟೂಲ್‌ಬಾರ್, ಜಾಹೀರಾತು ಹೊತ್ತು ತರುವ ಸರಕು. ಎಲ್ಲ ಬಿಟ್ಟು ನಿರ್ದಿಷ್ಟ ವೈರಸ್ ಕುಟುಂಬದ ಹೆಸರೇ ಬಂದಿದ್ದರೆ ಆಂಟಿವೈರಸ್ ಮಾತಿಗೆ ಹೆಚ್ಚು ತೂಕ ಕೊಡಿ.

ಅದು ಬಂದ ದಾರಿ

ನನ್ನ ಮಟ್ಟಿಗೆ ಅರ್ಧ ಉತ್ತರ ಇಲ್ಲೇ ಇದೆ. ಫೈಲನ್ನು ತಯಾರಕರ ಸ್ವಂತ ಜಾಲತಾಣದಿಂದ ನೀವೇ ತಂದಿರಾ? ಅಥವಾ ಕೇಳದೆ ಬಂದ ಇಮೇಲ್‌ನಲ್ಲಿ ‘ಇನ್‌ವಾಯ್ಸ್’ ಎಂಬ ಹೆಸರು ಹೊತ್ತು ಬಂತೇ? ಹಣ ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರ್‌ನ ಕ್ರ್ಯಾಕ್ (ಬೀಗ ಮುರಿದ ಕಳ್ಳ ಪ್ರತಿ) ಆಗಿದ್ದರಂತೂ ಚರ್ಚೆಯೇ ಬೇಡ. ‘ಆಂಟಿವೈರಸ್ ಸುಮ್ಮನೆ ಕೂಗುತ್ತದೆ, ಇನ್‌ಸ್ಟಾಲ್ ಮಾಡುವ ಮುಂಚೆ ಆಫ್ ಮಾಡಿ’ ಎಂಬ ಸೂಚನೆ ಅದರ ಜೊತೆಗೇ ಇರುತ್ತದೆ. ಮನೆಗೆ ಬರುವವನು ‘ಮೊದಲು ನಾಯಿಯನ್ನು ಕಟ್ಟಿಹಾಕಿ’ ಎಂದರೆ ಅವನು ನೆಂಟನೂ ಇರಬಹುದು, ಆದರೆ ಕಳ್ಳನೂ ಹೇಳುವುದು ಅದನ್ನೇ. ಅಂಥ ಫೈಲನ್ನು ಅಳಿಸಿ, ಮುಂದಿನ ಹಂತಗಳನ್ನು ಓದುವುದೂ ಬೇಡ.

ಫೈಲು ಕೂತಿರುವ ಜಾಗವನ್ನೂ ನೋಡಿ. ವಿಂಡೋಸ್‌ನ ಸ್ವಂತ ಫೈಲಾದ ‘ಎಸ್‌ವಿಸಿಹೋಸ್ಟ್’ ಇರಬೇಕಾದ್ದು ಸಿಸ್ಟಂ32 ಫೋಲ್ಡರಿನಲ್ಲಿ. ಅದೇ ಹೆಸರು ಟೆಂಪ್ ಫೋಲ್ಡರಿನಲ್ಲಿ ಕಂಡರೆ, ಅಥವಾ ಒಂದೆರಡು ಅಕ್ಷರ ಅದಲುಬದಲಾಗಿದ್ದರೆ ಅದು ವೇಷಧಾರಿ. ಫೈಲಿನ ಪ್ರಾಪರ್ಟೀಸ್‌ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಪುಟವಿದ್ದರೆ ಸಹಿ ಯಾರದು ಎಂದು ನೋಡಿ. ಸರಿಯಾದ ಸಹಿ ಒಳ್ಳೆಯ ಸಾಕ್ಷಿ, ಆದರೆ ಕೊನೆಯ ಮಾತಲ್ಲ: 2017ರಲ್ಲಿ ಕಂಪ್ಯೂಟರಿನ ಕಸ ಗುಡಿಸುವ ಪ್ರೋಗ್ರಾಂ ಸಿಕ್ಲೀನರ್‌ನ 5.33ನೇ ಆವೃತ್ತಿ ಅಧಿಕೃತ ಸಹಿಯೊಂದಿಗೇ, ಒಳಗೆ ಮಾಲ್‌ವೇರ್ ಇಟ್ಟುಕೊಂಡು ಹೊರಬಿದ್ದಿತ್ತು.

ಅಪ್‌ಡೇಟ್ ಮಾಡಿ, ಮತ್ತೆ ಸ್ಕ್ಯಾನ್ ಮಾಡಿ

ಆಂಟಿವೈರಸ್ ಕೂಡ ಎಡವುತ್ತದೆ. 2010ರ ಏಪ್ರಿಲ್ 21ರಂದು ಮ್ಯಾಕಫಿ ಆಂಟಿವೈರಸ್‌ನ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಅಸಲಿ ಎಸ್‌ವಿಸಿಹೋಸ್ಟ್ ಫೈಲನ್ನೇ ವೈರಸ್ ಎಂದು ಹಿಡಿದು, ಕಂಪ್ಯೂಟರ್‌ಗಳು ಪದೇ ಪದೇ ರೀಸ್ಟಾರ್ಟ್ ಆಗತೊಡಗಿದವು. 2022ರ ಸೆಪ್ಟೆಂಬರ್‌ನಲ್ಲಿ ಡಿಫೆಂಡರ್ ಕ್ರೋಮ್‌ನಂಥ ಪ್ರೋಗ್ರಾಂಗಳ ಮೇಲೆ ‘ಹೈವ್’ ಎಂದು ಕೂಗಿ, ಹೊಸ ಅಪ್‌ಡೇಟ್ ಬಂದ ಮೇಲೆ ಸುಮ್ಮನಾಯಿತು. ಇಂಥ ತಪ್ಪು ಒಬ್ಬರಿಗೆ ಆಗುವುದಲ್ಲ, ಒಂದೇ ದಿನ ಲಕ್ಷಾಂತರ ಜನರಿಗೆ ಆಗುತ್ತದೆ. ಹಾಗಾಗಿ ನಿನ್ನೆವರೆಗೆ ಸುಮ್ಮನಿದ್ದ ಹಳೆಯ, ಬದಲಾಗದ ಫೈಲನ್ನು ಇಂದು ಹಿಡಿದಿದ್ದರೆ ಆ ಹೆಸರನ್ನು ಹುಡುಕಿ ನೋಡಿ, ಡೆಫಿನಿಷನ್‌ಗಳನ್ನು (ಆಂಟಿವೈರಸ್ ಬಳಿ ಇರುವ ವೈರಸ್ ಗುರುತುಗಳ ಪಟ್ಟಿ) ಅಪ್‌ಡೇಟ್ ಮಾಡಿ, ಮತ್ತೊಮ್ಮೆ ಸ್ಕ್ಯಾನ್ ಮಾಡಿ.

ಬೇರೆಯವರನ್ನು ಕೇಳಿ

ವೈರಸ್‌ಟೋಟಲ್ ಎಂಬ ಉಚಿತ ಜಾಲತಾಣ ಒಂದೇ ಫೈಲನ್ನು ಹತ್ತಾರು ಆಂಟಿವೈರಸ್‌ಗಳಿಗೆ ತೋರಿಸಿ ಎಲ್ಲರ ಅಭಿಪ್ರಾಯ ಒಟ್ಟಿಗೆ ಕೊಡುತ್ತದೆ. ಒಂದು ಎಚ್ಚರ: ಅಲ್ಲಿ ಹಾಕಿದ ಫೈಲು ಭದ್ರತಾ ಕಂಪನಿಗಳ ಕೈಗೂ ಹೋಗುತ್ತದೆ. ಬ್ಯಾಂಕ್ ದಾಖಲೆ, ಕಚೇರಿ ಕಡತಗಳನ್ನು ಹಾಕಲೇಬೇಡಿ. ಬದಲಿಗೆ ವಿಂಡೋಸ್‌ನಲ್ಲಿ ಆಜ್ಞೆ ಟೈಪಿಸುವ ಕಿಟಕಿಯಾದ ಪವರ್‌ಶೆಲ್‌ನ ‘ಗೆಟ್-ಫೈಲ್‌ಹ್ಯಾಶ್’ ಆಜ್ಞೆಯಿಂದ ಅದರ ಹ್ಯಾಶ್ ತೆಗೆಯಿರಿ. ಇದು ಫೈಲಿನ ಹೆಬ್ಬೆಟ್ಟಿನ ಗುರುತಿನಂಥ 64 ಅಕ್ಷರ-ಅಂಕಿಗಳ ಸಾಲು. ಅದನ್ನಷ್ಟೇ ಹುಡುಕಿದರೆ ಸಾಕು.

ಫಲಿತಾಂಶವನ್ನು ಮತ ಎಣಿಕೆಯಂತೆ ಓದಬಾರದು. ಎಪ್ಪತ್ತರಲ್ಲಿ ಎರಡು ಮಾತ್ರ, ಅದೂ ಕೇಳಿರದ ಕಂಪನಿಗಳು, ‘ಜೆನೆರಿಕ್’ ಎನ್ನುತ್ತಿದ್ದರೆ ಸುಳ್ಳು ಎಚ್ಚರಿಕೆಯ ಸಾಧ್ಯತೆ ಹೆಚ್ಚು. ಬೇರೆ ಬೇರೆ ಹೆಸರಾಂತ ಕಂಪನಿಗಳು ಒಂದೇ ಕುಟುಂಬ ಹೆಸರಿಸಿದರೆ ನಿಜವೇ. ಐದಾರು ಕಡೆ ಅಕ್ಷರಶಃ ಅದೇ ಹೆಸರು ಕಂಡರೆ ಮಾತ್ರ ಅದನ್ನು ಐದು ಸಾಕ್ಷಿ ಎನ್ನಬೇಡಿ. ಒಬ್ಬರ ಎಂಜಿನ್ನನ್ನು, ಅಂದರೆ ವೈರಸ್ ಹಿಡಿಯುವ ಮೂಲ ಯಂತ್ರವನ್ನು, ಹಲವರು ಬಾಡಿಗೆಗೆ ಪಡೆದಿರುತ್ತಾರೆ. ಫೈಲು ಮೊದಲು ಕಂಡ ದಿನಾಂಕವನ್ನೂ ನೋಡಿ. ಇಂದೇ ಹುಟ್ಟಿದ ಫೈಲಿಗೆ ಸೊನ್ನೆ ಬಂದರೂ ಅದಕ್ಕೆ ಅರ್ಥವಿಲ್ಲ, ಎರಡು ದಿನ ಬಿಟ್ಟು ಮತ್ತೆ ನೋಡಿ.

ಇಷ್ಟಾದರೂ ಬಗೆಹರಿಯದಿದ್ದರೆ

ಫೈಲನ್ನು ಆಂಟಿವೈರಸ್ ಕಂಪನಿಗೇ ಕಳಿಸಿ. ಮೈಕ್ರೋಸಾಫ್ಟ್ ಸೇರಿದಂತೆ ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಪುಟವಿದೆ. ಆ ಪ್ರೋಗ್ರಾಂ ಬರೆದವರಿಗೂ ತಿಳಿಸಿ. ಸುಳ್ಳು ಎಚ್ಚರಿಕೆಯಾಗಿದ್ದರೆ ಅದನ್ನು ತೆಗೆಸುವ ತುರ್ತು ನಿಮಗಿಂತ ಅವರಿಗೇ ಹೆಚ್ಚು. ಕಚೇರಿ ಕಂಪ್ಯೂಟರ್ ಆಗಿದ್ದರೆ ತೀರ್ಮಾನ ನಿಮ್ಮದಲ್ಲ, ಐಟಿ ವಿಭಾಗದ್ದು.

ಸುಳ್ಳು ಎಂದು ಖಾತ್ರಿಯಾದ ಮೇಲೆ ‘ಎಕ್ಸ್‌ಕ್ಲೂಷನ್’ ಹಾಕುವಾಗ ಆ ಒಂದು ಫೈಲಿಗಷ್ಟೇ ಹಾಕಿ. ಡೌನ್‌ಲೋಡ್ಸ್ ಫೋಲ್ಡರಿಗೇ ವಿನಾಯಿತಿ ಕೊಟ್ಟರೆ ನಾಳೆ ಅಲ್ಲಿಗೆ ಬರುವುದೆಲ್ಲ ತಪಾಸಣೆ ಇಲ್ಲದೆ ಒಳಗೆ. ಕಂಪನಿ ತನ್ನ ತಪ್ಪು ತಿದ್ದಿಕೊಂಡ ಮೇಲೆ ಆ ವಿನಾಯಿತಿಯನ್ನೂ ತೆಗೆದುಬಿಡಿ.

ನಿಜವಾದ ವೈರಸ್ ಎಂದು ತಿಳಿದು, ನೀವು ಅದನ್ನು ಈಗಾಗಲೇ ಒಮ್ಮೆ ಓಡಿಸಿದ್ದರೆ, ಇಂಟರ್‌ನೆಟ್ ಕಡಿದು ಪೂರ್ತಿ ಸ್ಕ್ಯಾನ್ ಮಾಡಿ. ಪಾಸ್‌ವರ್ಡ್‌ಗಳನ್ನು ಬೇರೊಂದು ಸಾಧನದಿಂದ ಬದಲಿಸಿ, ಇಮೇಲ್‌ನದ್ದನ್ನು ಎಲ್ಲಕ್ಕಿಂತ ಮೊದಲು.