ಐರಿಷ್ ನೃತ್ಯದ ಕಾಲಿಗೆ ಅಜ್ಜಿಯ ಕಸರತ್ತು

ಡಬ್ಲಿನ್‌ನಲ್ಲಿರುವ ಮೊಮ್ಮಗಳು ಜುಲೈ ರಜೆಗೆ ವಿರಾಜಪೇಟೆಗೆ ಬಂದಳು. ಹೊರಗೆ ಬಿಡದ ಮಳೆ. ಹಜಾರದ ಕಾವಿ ನೆಲದ ಮೇಲೆ ದಿನವಿಡೀ ಅವಳ ಐರಿಷ್ ನೃತ್ಯ. ಕೈಗಳೆರಡೂ ಮೈಗೆ ಅಂಟಿಕೊಂಡು, ಬೆನ್ನು ಕಂಬದಂತೆ ನಿಂತು, ಕುಣಿತವೆಲ್ಲ ಸೊಂಟದ ಕೆಳಗೇ. ವಾರದೊಳಗೆ "ಅಜ್ಜಿ, ಮಂಡಿಯ ಕೆಳಗೆ ನೋವು" ಎಂದಳು.

ಶಾಲೆಯಲ್ಲಿ ಹುಡುಗಿಯರಿಗೆ ಹಾಕಿ ಕಲಿಸಿದವಳು ನಾನು. ಕಾಲು ಗಟ್ಟಿಯಾಗಲೆಂದು ತೋಟದ ಏರಿನಲ್ಲಿ ಓಡಿಸಿದೆ. ಜಿಗಣೆ ಕಚ್ಚಿತು, ನೋವೂ ಹೆಚ್ಚಿತು. ವೈದ್ಯರು ನೋಡಿ, ಮೂಳೆಗೆ ಏನೂ ಆಗಿಲ್ಲ, ಎರಡು ವಾರ ನೆಗೆತ ಬೇಡ ಎಂದರು. ಆಮೇಲೆ ಕೂತು ಅವಳ ಕುಣಿತದ ವಿಡಿಯೊ ನೋಡಿದೆ. ಹಾಕಿಯಲ್ಲಿ ಮಂಡಿ ಬಗ್ಗಿಸಿ ಹೊಡೆತ ತಾಳುತ್ತೇವೆ. ಇಲ್ಲಿ ಎತ್ತರಕ್ಕೆ ನೆಗೆದು ಒಂಟಿ ಪಾದದ ಮುಂಭಾಗದ ಮೇಲೆ ಇಳಿಯಬೇಕು, ಮಂಡಿ ಬಗ್ಗಿದ್ದು ಕಾಣಬಾರದು. ಹೊಡೆತವೆಲ್ಲ ಪಾದಕ್ಕೆ, ಮೀನಖಂಡಕ್ಕೆ, ಸೊಂಟಕ್ಕೆ.

ಆದ್ದರಿಂದ ಮೀನಖಂಡದಿಂದಲೇ ಶುರು. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಊರಿ, ಗೋಡೆ ಹಿಡಿದು ನಿಲ್ಲಿ. ಒಂದು ಎಣಿಸುವಷ್ಟರಲ್ಲಿ ಮೇಲೇಳಿ, ಮೂರು ಎಣಿಸುತ್ತ ಹಿಮ್ಮಡಿ ಇಳಿಸಿ. ಫಲ ಇರುವುದು ಆ ನಿಧಾನದ ಇಳಿತದಲ್ಲೇ. ಮಕ್ಕಳು ಕಳ್ಳಾಟ ಆಡುವುದೂ ಅಲ್ಲೇ. ಎಂಟರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಸಲೀಸಾದ ಮೇಲೆ ಒಂಟಿ ಕಾಲಿನಲ್ಲಿ. ಇದನ್ನೇ ಮಂಡಿ ತುಸು ಬಗ್ಗಿಸಿಯೂ ಮಾಡಬೇಕು. ಮೀನಖಂಡದ ಒಳಪದರದ ಸ್ನಾಯುವಿಗೆ ಆಗಲೇ ಹೆಚ್ಚು ಕೆಲಸ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮಾಡುವ ಮದ್ದುಸೊಪ್ಪಿನ ಪಾಯಸ ತಿಂದರೆ ನೋವು ಹೋಗುತ್ತದೆ ಎಂದರು ಪಕ್ಕದ ಮನೆಯವರು. ಎರಡು ಬಟ್ಟಲು ತಿಂದಳು, ಮೆಟ್ಟಿಲು ಮಾತ್ರ ತಪ್ಪಿಸಲಿಲ್ಲ.

ಇನ್ನು ಸೊಂಟ. ಈ ನೃತ್ಯದಲ್ಲಿ ಪಾದಗಳು ಹೊರಕ್ಕೆ ತಿರುಗಿರಬೇಕು. ಆ ತಿರುವು ಸೊಂಟದ ಕೀಲಿನಿಂದ ಬರಬೇಕು. ಪಾದವನ್ನು ಬಲವಂತವಾಗಿ ತಿರುಗಿಸಿದರೆ ಮಂಡಿ ಹಿಂಡಿದಂತಾಗುತ್ತದೆ. ಮಂಡಿಚಿಪ್ಪು ಪಾದದ ಎರಡನೆಯ ಬೆರಳಿನ ನೇರಕ್ಕೆ ಇದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಮಂಡಿಗಳ ಮೇಲ್ಭಾಗಕ್ಕೆ ಸುತ್ತಿ ಗಂಟು ಹಾಕಿ, ಮಗ್ಗುಲಾಗಿ ಮಲಗಿ ಮಂಡಿ ಮಡಚಿ. ಹಿಮ್ಮಡಿಗಳು ಕೂಡಿಕೊಂಡೇ ಇರಲಿ, ಮೇಲಿನ ಮಂಡಿಯನ್ನಷ್ಟೇ ತೆರೆದು ಮುಚ್ಚಿ. ಪ್ರತಿ ಮಗ್ಗುಲಿಗೂ ಹತ್ತು ಸಲ.

ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಂತರೆ ಕಣಕಾಲಿನ ಕೆಲಸ ಮುಗಿಯಿತು.

ನೆಗೆತ ಕೊನೆಗೆ, ಅದೂ ನೋವು ಪೂರ್ತಿ ಹೋದ ಮೇಲೆ. ನಾವು ಅದನ್ನು ಮರದ ಮಹಡಿಗೆ ಸಾಗಿಸಿದೆವು. ಕಾವಿ ನೆಲಕ್ಕೆ ಸ್ವಲ್ಪವೂ ಬಾಗುವ ಗುಣವಿಲ್ಲ. ಮೊದಲು ಎರಡೂ ಕಾಲಿನಲ್ಲಿ ಆರು ನೆಗೆತ, ಮಂಡಿ ಧಾರಾಳವಾಗಿ ಬಗ್ಗಲಿ. ಕೆಳಗೆ ಮಧ್ಯಾಹ್ನ ಮಲಗಿದ ಅಜ್ಜನಿಗೆ ಎಚ್ಚರವಾದರೆ ಆ ನೆಗೆತ ಲೆಕ್ಕಕ್ಕಿಲ್ಲ. ಗಟ್ಟಿ ಅಟ್ಟೆಯ ಸದ್ದಿನ ಬೂಟು ಇದಾದ ಮೇಲೆಯೇ.

ಕಸರತ್ತಿನ ಮರುದಿನ ಮೀನಖಂಡ ಬಿಗಿದರೆ ಹೆದರಬೇಡಿ. ಆದರೆ ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಕುಂಟುತ್ತಿದ್ದರೆ, ಅಂದೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಸ್ಪರ್ಧೆ ಮರುವಾರವೇ ಇದ್ದರೂ ಸರಿ.